ಅಕ್ಕಿಯೊಳಗೆ ಹೊಕ್ಕ ದ್ವೀಪದ ಹುಳ

ಬಿಸಿಲಿಗೆ ಹರವಿದ ಕುಚ್ಚಲಕ್ಕಿಯ ವಾಸನೆ ಬಂದರೆ ಲಿಜ್ಜಿಬಾಯಿಗೆ ಈಗಲೂ ಏಳೇ ವರ್ಷ. ಅಜ್ಜಿ ಚಾಪೆಯ ಬದಿಗೊಂದು ಮೊರ ಒರಗಿಸುತ್ತಿದ್ದರು. ಅಕ್ಕಿ ಬಿಟ್ಟು ಆ ನೆರಳಿಗೆ ಓಡುವ ಹುಳಗಳನ್ನು ಎಣಿಸುವುದು ಲಿಜ್ಜಿಯ ಕೆಲಸ.

ಆ ಶುಕ್ರವಾರ ಕೊಲ್ಲಿ ದೇಶದ ಅಬು ಹಲೀಫಾದಲ್ಲಿ, ಮಗನ ಫ್ಲ್ಯಾಟಿನಲ್ಲೂ ಅದೇ ವಾಸನೆ. ಸೊಸೆ ಡೆಲ್ಮಾ ಇಗರ್ಜಿಗೆ ಹೋಗಿದ್ದಳು. ಲಿಜ್ಜಿಬಾಯಿ ಕಪಾಟಿನಲ್ಲಿ ಅಕ್ಕಿ ಡಬ್ಬಿಯ ಮೇಲಿದ್ದ ಯಾವುದೋ ಪೆಟ್ಟಿಗೆಯನ್ನು ಬದಿಗಿಟ್ಟು ಮುಚ್ಚಳ ತೆರೆದಾಗ ಮೂತಿಹುಳವೊಂದು ಅಕ್ಕಿಗೆ ಬಿದ್ದಿತ್ತು. ಕನ್ನಡಕ ಹಾಕಿರಲಿಲ್ಲ. ಊರಿನ ಅಕ್ಕಿ ಹಾಳಾದೀತೆಂದು ಅಷ್ಟನ್ನೂ ಬಾಲ್ಕನಿಯ ಬಿಸಿಲಲ್ಲಿ ಬಟ್ಟೆಯ ಮೇಲೆ ಹರವಿಬಿಟ್ಟರು.

ಡೆಲ್ಮಾ ಬಂದವಳೇ ಕಪಾಟು ತೆರೆದು ಬಿಳಿಚಿಕೊಂಡಳು. "ಮಾಂಯ್, ನನ್ನ ಪೆಟ್ಟಿಗೆಯ ಬಲೆ ಸರಿದಿದೆ. ಹೆಣ್ಣು ಇಲ್ಲ."

ಅವಳದು ಕೀಟಗಳ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಏಸಿ ಕೆಟ್ಟಿದ್ದರಿಂದ ಹಿಂದಿನ ಸಂಜೆ ಒಂದು ಜೋಡಿ ಹುಳಗಳನ್ನು ಮನೆಗೆ ತಂದಿದ್ದಳು. ಒಂದು ಪುಟ್ಟ ದ್ವೀಪದಲ್ಲಿ, ಒಂದೇ ಜಾತಿಯ ಪೊದೆಯಲ್ಲಿ ಬದುಕುವ ಹುಳ. ರೆಕ್ಕೆಯಿಲ್ಲ, ಬೇರೆಡೆಗೆ ಹಾರಲಾರದು. ಪಿಕ್ನಿಕ್ಕಿನವರು ಆ ಪೊದೆಯನ್ನೇ ಒಲೆಗೆ ಮುರಿದು ಮುರಿದು ಹಾಕಿದ್ದರಿಂದ, ಲ್ಯಾಬಿನವರು ಎರಡು ವರ್ಷ ಹುಡುಕಿದರೂ ಸಿಕ್ಕಿದ್ದು ಈ ಜೋಡಿ ಮಾತ್ರ.

"ಅಕ್ಕಿಹುಳ ಅಂದ್ಕೊಂಡೆ ಬಾಯೆ."

"ಅಕ್ಕಿಹುಳ ಇದರ ಕಾಲುಭಾಗ ಇಲ್ಲ ಮಾಂಯ್." ಅಷ್ಟೇ ಅಂದಳು, ಬೈಯಲಿಲ್ಲ. ಬಾಲ್ಕನಿಗೆ ಹೋಗಿ, ಬಾಗಿ ಬಟ್ಟೆಯ ಅಂಚು ಎತ್ತಹೋದಳು.

"ಮುಟ್ಬೇಡ ಮಾರಾಯ್ತಿ. ಅಲುಗಿದ್ರೆ ಸತ್ತ ಹಾಗೆ ಬಿದ್ಕೊಳ್ತದೆ. ಮತ್ತೆ ಹೊಟ್ಟು ಯಾವುದು, ಹುಳ ಯಾವುದು?"

"ಬಿಸಿಲಿಗೆ ಬೆಂದು ಹೋಗ್ತದಲ್ಲ!"

"ಅದಕ್ಕೇ ಓಡ್ತದೆ. ನಾವು ನೆರಳು ಕೊಡುವ."

ಲಿಜ್ಜಿಬಾಯಿ ಒಂದು ಬದಿಗೆ ಮೊರ ಒರಗಿಸಿ, ಮೇಲೆ ಒದ್ದೆ ಟವೆಲ್ ಹೊದಿಸಿದರು. ಇಬ್ಬರೂ ಅಲುಗದೆ ಕೂತರು. ಐದು ನಿಮಿಷ. ಹತ್ತು. ಒಂದು ಕಾಳು ಅಲುಗಿತು. ಅದರಡಿಯಿಂದ ಬೂದಿ ಬಣ್ಣದ ಮೂತಿ ಮೇಲೆದ್ದು ನೆಟ್ಟಗೆ ನೆರಳಿನತ್ತ ಹೊರಟಿತು.

"ಬಂದ್ಳು. ನಡಿಗೆ ನೋಡು, ಮದುಮಗಳದ್ದೇ," ಎಂದು ಲಿಜ್ಜಿಬಾಯಿ ಪಿಸುಗುಟ್ಟಿದರು. ಡೆಲ್ಮಾ ಅಳುತ್ತಲೇ ನಕ್ಕಳು.

ಹುಳವನ್ನು ಪೆಟ್ಟಿಗೆಗೆ ಬಿಟ್ಟು ಬಲೆ ಬಿಗಿದ ಮೇಲೂ ಲಿಜ್ಜಿಬಾಯಿ ಅದರ ಮುಂದಿನಿಂದ ಏಳಲಿಲ್ಲ. ಈಗ ಕನ್ನಡಕವಿತ್ತು. ಎರಡು ಗಂಟೆಯ ಹೊತ್ತಿಗೆ ಹೆಣ್ಣು ಒಳಗಿಟ್ಟಿದ್ದ ಪೊದೆಯ ಕಡ್ಡಿ ಹತ್ತಿ ಮೂತಿಯಿಂದ ತೂತು ಕೊರೆಯಿತು. ಆಮೇಲೆ ತಿರುಗಿ ನಿಂತು ಹಿಂಬದಿಯನ್ನು ತೂತಿಗೆ ಒತ್ತಿತು.

"ಡೆಲ್ಮಾ, ಬೇಗ ಬಾ. ಇದು ಎಂತ ಮಾಡ್ತಾ ಉಂಟು?"

ಡೆಲ್ಮಾ ಲೆನ್ಸ್ ಹಿಡಿದು ಬಾಗಿದಳು. "ಮೊಟ್ಟೆ, ಮಾಂಯ್. ಮೊದಲನೆಯದ್ದು."

"ಹಾಗಾದ್ರೆ ನಾನು ಏಳುದಿಲ್ಲ. ಇನ್ನೊಂದು ಇಟ್ರೆ ನೋಡ್ಬೇಕಲ್ಲ."

ಊಟದ ನೆನಪೇ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಒಂದು ಬಟ್ಟಲು ಬಂತು. ಬಿಸಿಲು ಕಂಡ ಅದೇ ಅಕ್ಕಿಯ ಗಂಜಿ, ಬಾಯಿ ಸುಡದಷ್ಟು ಆರಿಸಿದ್ದು, ಬದಿಯಲ್ಲಿ ಉಪ್ಪಿನಕಾಯಿ. ಡೆಲ್ಮಾ ಅದನ್ನು ಅತ್ತೆಯ ಕೈಗಿಟ್ಟಳು.