ಒಲೆಹೊಟ್ಟೆಯ ರಾಕ್ಷಸ

ಪ್ರತಿ ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಹೋಟೆಲಿನಲ್ಲಿ ಭೂತ-ರಾಕ್ಷಸರ ಕತೆ, ಸಿನಿಮಾಗಳ ಹಳೆಯ ಪತ್ರಿಕೆಗಳ ಅಭಿಮಾನಿಗಳು ಸೇರುತ್ತಿದ್ದರು. ಕ್ಲಿಫರ್ಡನ ಕಣ್ಣು ಮಂಜಾದ ಮೇಲೆ ಅವನನ್ನು ಕಾರಿನಲ್ಲಿ ಕರೆದೊಯ್ಯುವ ಕೆಲಸ ತಂಗಿ ಆರ್ಲೀನಳ ಪಾಲಿಗೆ ಬಂತು. ಅಲ್ಲಿ ಅವನಿಗೆ ಭಾರಿ ಮರ್ಯಾದೆ. ಹುಡುಗನಾಗಿದ್ದಾಗ ಅವನು ಬಿಡಿಸಿದ ರಾಕ್ಷಸನ ಚಿತ್ರ ಅಂಥದೊಂದು ಪತ್ರಿಕೆಯ ಓದುಗರ ಪುಟದಲ್ಲಿ ಅಚ್ಚಾಗಿತ್ತು. ಈಗ ಅದು ಅಭಿಮಾನಿಗಳ ಅಂಗಿಯ ಮೇಲೆ, ಕಾಫಿ ಲೋಟದ ಮೇಲೆಲ್ಲ ಬಂದಿತ್ತು.

ಆದರೆ ಅದನ್ನು ನಿಜವಾಗಿ ಬಿಡಿಸಿದವಳು ಆರ್ಲೀನ್. ಮನೆಯನ್ನು ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ಉರಿಯುತ್ತಿದ್ದ ದೊಡ್ಡ ಕಲ್ಲಿದ್ದಲ ಒಲೆಯನ್ನು ಕಂಡರೆ ಚಿಕ್ಕಂದಿನಲ್ಲಿ ಅವಳ ಜೀವ ಬಾಯಿಗೆ ಬರುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ, ಟೀವಿಯಲ್ಲಿ ಕಾರ್ಟೂನು ಓಡುತ್ತಿರುವಾಗ, ಕಂಬಳಿಯ ಮೇಲೆ ಬೋರಲು ಮಲಗಿ ಕಾಗದದಲ್ಲಿ ಆ ಒಲೆಯನ್ನು ಬಿಡಿಸಿ ಕೈಕಾಲು ಹಚ್ಚಿದಳು, ಹೊಟ್ಟೆಗೆ ಕಬ್ಬಿಣದ ಬಾಗಿಲಿಟ್ಟಳು. ಅಂದಿನಿಂದ ಹೆದರಿಕೆ ಹೋಯಿತು. ಹುಡುಗಿಯ ಹೆಸರು ಕಂಡರೆ ಪತ್ರಿಕೆಯವರು ಕಸದ ಬುಟ್ಟಿಗೆ ಎಸೆಯುತ್ತಾರೆಂದು ಹೇಳಿ ಕ್ಲಿಫರ್ಡ್ ತನ್ನ ಹೆಸರು ಬರೆದು ಅಂಚೆಗೆ ಹಾಕಿದ. ಅದು ತಮ್ಮಿಬ್ಬರ ಗುಟ್ಟು ಎಂದುಕೊಂಡೇ ಆರ್ಲೀನ್ ಇಷ್ಟು ಕಾಲ ಸುಮ್ಮನಿದ್ದಳು.

ಒಂದು ವರ್ಷ ಅವನು ವೇದಿಕೆಯ ಮೇಲೆ ಒಲೆಯ ಭಯವನ್ನೂ ಹೇಳಿದ, ಕಂಬಳಿಯನ್ನೂ ಹೇಳಿದ. ಎಲ್ಲವೂ ತನ್ನದೇ ಎಂಬಂತೆ. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ತಂಗಿಗೂ ಇದರ ಹುಚ್ಚಿತ್ತೇ ಎಂದು ಯಾರೋ ಅವನನ್ನು ಕೇಳಿದರು.

"ಇವಳಿಗಾ? ಟೀವೀಲಿ ಭೂತ ಬಂದ್ರೆ ಸೋಫಾ ಹಿಂದೆ ಅಡಗಿ ಕೂರ್ತಿದ್ಲು."

ಊಟದ ಮೇಜಿನಲ್ಲಿ ಆರ್ಲೀನ್ ಮೆಲ್ಲಗೆ ಕೇಳಿದಳು. "ಕ್ಲಿಫ್, ಅದನ್ನ ಬಿಡಿಸಿದ್ದು ಯಾರು?"

"ಇದೆಂಥ ಪ್ರಶ್ನೇನೇ? ನಾನೇ."

ಅವಳು ಅವನ ಮುಖದಲ್ಲಿ ಸುಳ್ಳಿಗಾಗಿ ಹುಡುಕಿದಳು. ಇರಲಿಲ್ಲ. ನಿಜವಾಗಿಯೂ ಮರೆತಿದ್ದ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾಗದದ ಕರವಸ್ತ್ರ ಎಳೆದುಕೊಂಡು ಅವಳು ರಾಕ್ಷಸನನ್ನು ಬಿಡಿಸತೊಡಗಿದಳು. ಕೈ ಏನನ್ನೂ ಮರೆತಿರಲಿಲ್ಲ. ಪಕ್ಕದ ಗಡ್ಡದವನು ಬಗ್ಗಿ ನೋಡಿದ.

"ಚೆನ್ನಾಗೇ ನಕಲು ಮಾಡಿದೀರ ಮೇಡಂ. ಮೂಲದ ಜೀವ ಬರಲ್ಲ, ಬಿಡಿ."

ಆಮೇಲೆ ಅದನ್ನು ಕ್ಲಿಫರ್ಡನ ಮುಂದಿಟ್ಟು ಸಹಿ ಕೇಳಿದ. ಕ್ಲಿಫರ್ಡ್ ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ ಸಹಿ ಹಾಕಿ, ತಂಗಿಗೂ ಸ್ವಲ್ಪ ಕೈ ಬರುತ್ತದೆ ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ಗಡ್ಡದವನು ಅದನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡ. ಆರ್ಲೀನ್ ತಣ್ಣಗಾದ ಸೂಪು ಕುಡಿದು ಮುಗಿಸಿದಳು.

ಮರುವರ್ಷ ಬರುವುದಿಲ್ಲವೆಂದಳು. ಕಾರಣ ಕೇಳಲು ಕ್ಲಿಫರ್ಡ್ ಫೋನು ಮಾಡಿದಾಗ ಮಂಡಿನೋವು ಎಂದಳು. ಅವನು ಬೇರೆ ಯಾರದೋ ಕಾರಿನಲ್ಲಿ ಹೋದ. ಅಲ್ಲಿ ವಿಚಾರಿಸಿದವರಿಗೆಲ್ಲ, ಅವಳಿಗೆ ಮೊದಲಿಂದಲೂ ಇವೆಲ್ಲ ಸೇರುತ್ತಿರಲಿಲ್ಲ ಎಂದನಂತೆ.