ರಾಜಬೀ ಸುತ್ತಿದ ಟ್ರಾನ್ಸ್‌ಫಾರ್ಮರ್

"ಕೇಳಸ್ತದೋ ಇಲ್ಲೋ?" ಬಿಂದುಮಾಧವರಾಯರು ಸ್ಪೀಕರಿನತ್ತ ಬೆರಳು ಮಾಡಿದರು. "ಗುಂಯ್ ಅಂತ, ಜೇನು ಎದ್ದಂಗ. ಇದಕ್ಕೇನು ನಾ ಹಳೇ ವಾಲ್ವಿನ ಡಬ್ಬಿ ತಗದು ಹೊಸಾ ಪ್ರೀಆಂಪ್ಲಿಫೈಯರ್ ಮಾಡಿಸಿದ್ದು?"

ಕೇಳಿಸದೆ ಏನು, ಖಾನಾಪುರದ ಸ್ಟೇಷನ್ನಿನವರೆಗೂ ಕೇಳಿಸುವಂತಿತ್ತು. ರಾಜಬೀ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ರೆಕಾರ್ಡ್ ಪ್ಲೇಯರಿನ ಸಣ್ಣ ದನಿಯನ್ನು ಎತ್ತಿ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ಬೆಳಗಾವಿಯ ತ್ರ್ಯಂಬಕನ ರೇಡಿಯೋ ಅಂಗಡಿಯಲ್ಲಿ ತಯಾರಾದದ್ದು. ಒಳಗಿನ ಟ್ರಾನ್ಸ್‌ಫಾರ್ಮರನ್ನು ಮಾತ್ರ ಅಲ್ಲೇ ಕೋಟೆಯ ಬಾಜೂ ತನ್ನ ಮನೆಯಲ್ಲಿ ಕೂತು ರಾಜಬೀ ತಾಮ್ರದ ತಂತಿ ಸುತ್ತಿ ಮಾಡಿಕೊಟ್ಟಿದ್ದಳು.

ರಾಯರ ದೂರು ಮೂರನೇ ಸಲ ಬಂದಾಗ ತ್ರ್ಯಂಬಕ ಕಡ್ಡಿ ಮುರಿದ ಹಾಗೆ ಹೇಳಿದ್ದ: "ನಿಮ್ಮ ವೈಂಡಿಂಗೇ ಗುಂಯ್ ಅನ್ಲಿಕ್ಕೆ ಹತ್ತದಂತ. ಶನಿವಾರದೊಳಗ ಸರಿ ಹೋಗಲಿಲ್ಲಂದ್ರ ನಾ ಪುಣೆಯಿಂದ ತರಸ್ತೀನಿ. ಮುಂದ ನಿಮಗ ಕೆಲಸ ಇಲ್ಲ." ಹನ್ನೊಂದು ವರ್ಷದಿಂದ ತಂತಿ ಸುತ್ತಿದ ಕೈ ಅದು. ಒಂದೇ ಒಂದು ಸುತ್ತು ತಪ್ಪಿದರೂ ಬೆರಳಿಗೆ ತಿಳಿಯುತ್ತಿತ್ತು. ಅಂಥ ಕೈಗೆ ಇಂಥ ಮಾತೇ? ಮರುದಿನ ಮೊದಲ ಬಸ್ಸಿಗೇ ಖಾನಾಪುರಕ್ಕೆ ಬಂದಿಳಿದಿದ್ದಳು.

"ಸಾಹೇಬ್ರ, ಇದು ಗುಂಯ್ ಅಂದ್ರ ಕೈಗೆ ನಡುಕ ಹತ್ತಬೇಕು. ನೀವೂ ಕೈ ಇಟ್ಟು ನೋಡ್ರಿ. ನಡುಕಾನೂ ಇಲ್ಲ, ಬಿಸೀನೂ ಇಲ್ಲ."

ರಾಯರು ಕೈ ಇಡಲಿಲ್ಲ. ಅರಣ್ಯ ಇಲಾಖೆಯ ಹೆಡ್ ಕ್ಲಾರ್ಕು. ಒಮ್ಮೆ ಷರಾ ಬರೆದರೆ ಮುಗಿಯಿತು. "ಮತ್ತ ಸದ್ದು ಆಕಾಶದಿಂದ ಬರ್ತದೇನು?"

ರಾಜಬೀ ಪ್ಲೇಯರಿನಿಂದ ಬಂದ ವಾಯರನ್ನು ಪೆಟ್ಟಿಗೆಯಿಂದ ಕಿತ್ತಳು. ಸದ್ದು ಗಪ್ಪಾಯಿತು. "ಪೆಟ್ಟಿಗಿ ಇನ್ನೂ ಚಾಲೂ ಐತ್ರಿ. ಬ್ಯಾನಿ ಆ ಕಡಿಂದ ಬರಾಕತ್ತೈತಿ."

"ಅದs ಪ್ಲೇಯರ್ ಹಳೇ ಡಬ್ಬಿ ಕೂಡ ಹದಿನಾಲ್ಕು ವರ್ಷ ಸುಮ್ಮನಿತ್ತಲ್ಲ!"

ಅದೂ ಖರೇ. ರಾಜಬೀ ವಾಯರು ಮತ್ತೆ ಚುಚ್ಚಿದಳು. ಗುಂಯ್ ಮರಳಿ ಬಂತು. "ಯಾವ ಹೊತ್ತಿನಾಗ ಜೋರು?"

"ಮುಂಜಾನೆ. ಪೂಜಿ ಆಗಿ ನಾ ರೆಕಾರ್ಡ್ ಹಚ್ಚೂ ಹೊತ್ತಿಗೆ ಸರಿಯಾಗಿ."

ಅಷ್ಟರಲ್ಲಿ ಅಂಗಳದಲ್ಲಿ ರಾಯರ ಹೆಂಡತಿ ಕೃಷ್ಣಾಬಾಯಿ ತುಳಸಿಗೆ ತಂಬಿಗೆ ಬಗ್ಗಿಸಿದರು. ಗುಂಯ್ ನಿಧಾನವಾಗಿ ಏರಿತು. ರಾಜಬೀಯ ಕಿವಿ ನೆಟ್ಟಗಾಯಿತು. ಪ್ಲೇಯರಿನ ಹಿಂದೆ ಇಣುಕಿದರೆ ಒಂದು ಹಸಿರು ತಂತಿ. ಅದು ಕಿಟಕಿ ದಾಟಿ, ಅಂಗಳದ ಕಲ್ಲುಹಾಸಿನ ಮೇಲೆ ಹರಿದು, ತುಳಸಿಕಟ್ಟೆಯ ಮಣ್ಣಿನಲ್ಲಿ ನೆಟ್ಟ ಸಲಾಕೆಗೆ ಹೋಗಿ ಸೇರಿತ್ತು.

"ಅದು ಅರ್ಥಿಂಗ್," ರಾಯರು ಹೆಮ್ಮೆಯಿಂದ ಹೇಳಿದರು. "ನಾನೇ ಹಾಕಿದ್ದು. ದಿನಾ ನೀರು ಬೀಳೂ ಮಣ್ಣು, ಅದಕ್ಕಿಂತ ಚಲೋ ಎಲ್ಲಿ ಸಿಗ್ತದ?"

ರಾಜಬೀಗೆ ನಗು ತಡೆಯಲಿಲ್ಲ. "ಚಲೋನ ಐತ್ರಿ, ಅದ ತಾಪತ್ರಯ! ಹಳೇ ಡಬ್ಬಿಗೆ ಎರಡ ಪಿನ್ನು, ಅದಕ್ಕ ಇದೊಂದ ನೆಲಾ. ಹೊಸಾದಕ್ಕ ಮೂರು ಪಿನ್ನು, ಮನಿ ಅರ್ಥಿಂಗ್ ಬ್ಯಾರೆ ಐತಿ. ಎರಡು ಕಡೆ ನೆಲಾ ಹಿಡದ್ರ ನಡುವ ಕರೆಂಟ್ ಸುತ್ತಾಕ ಹತ್ತತೈತಿ. ಮಣ್ಣು ಹಸಿ ಆದಂಗ ಸದ್ದೂ ಜೋರು."

ಸ್ವಿಚ್ ಆರಿಸಿ, ಪ್ಲೇಯರಿನ ಹಿಂಬದಿಯ ಸ್ಕ್ರೂ ಸಡಿಲಿಸಿ ಹಸಿರು ತಂತಿಯನ್ನು ಬಿಡಿಸಿದಳು. ಮತ್ತೆ ಹಚ್ಚಿದರೆ ಪೆಟ್ಟಿಗೆ ಬಾಯಿ ಬಿಡಲಿಲ್ಲ. ರಾಯರು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರು. ಊಹೂಂ.

"ಈಗೇನೋ ಗಪ್ ಆತು. ನೀರು ಹಾಕಿದಮ್ಯಾಲೆ?" ರಾಯರು ಕೇಳಿದರು.

ಕೃಷ್ಣಾಬಾಯಿ ಒಂದು ಇಡೀ ಕೊಡ ನೀರು ತಂದು ಕಟ್ಟೆಗೆ ಸುರಿದರು. ಮೂವರೂ ಸ್ಪೀಕರಿಗೆ ಕಿವಿಗೊಟ್ಟರು. ಏನೂ ಇಲ್ಲ. ಕೃಷ್ಣಾಬಾಯಿ ಗಂಡನನ್ನು ಕೇಳಲಿಕ್ಕೂ ಹೋಗದೆ ಸಲಾಕೆ ಕಿತ್ತರು. "ಪ್ರದಕ್ಷಿಣಿ ಹಾಕೂ ಮುಂದ ಹದಿನಾಲ್ಕು ವರ್ಷ ಕಾಲಿಗೆ ತೊಡರಿಸಿಗೊಂಡೀನಿ, ಮಾರಾಯ್ರ!"

ರಾಯರು ಆಗ ಪೆಟ್ಟಿಗೆಯ ಮೇಲೆ ಕೈ ಇಟ್ಟರು. "ಬಿಸಿ ಇಲ್ಲ," ಎಂದರು ಮೆಲ್ಲಗೆ.

"ಹಂಗಂತ ತ್ರ್ಯಂಬಕ ಸಾವಕಾರ್ರಿಗೆ ಬರದು ಕೊಡ್ರಿ. ನನ್ನ ಕೈಯಾಗs ಕೊಡ್ರಿ, ನಾ ಒಯ್ತೀನಿ."

ರಾಯರು ಪೆನ್ನು ತೆಗೆದರು. ದೋಷ ನಮ್ಮ ಮನೆಯದು, ವೈಂಡಿಂಗಿನದಲ್ಲ ಎಂದು ಬರೆದು ಓದಿ ತೋರಿಸಿದರು.

"ಸುತ್ತಿದವರ ಹೆಸರೂ ಹಾಕ್ರಿ."

ಪೆನ್ನು ನಿಂತಿತು. ಮೂರು ಸಲ ದೂರು ಬರೆದಿದ್ದರು, ಹೆಸರು ಒಮ್ಮೆಯೂ ಬೇಕಾಗಿರಲಿಲ್ಲ. ರಾಯರು ತಲೆ ಎತ್ತಿ ಅವಳ ಮುಖ ನೋಡಿದರು.

"ರಾಜಬೀ," ಎಂದರು ಕೃಷ್ಣಾಬಾಯಿ ಅಂಗಳದಿಂದ, ತಂತಿ ಸುತ್ತುತ್ತ. "ಬಂದಕೂಡಲೆ ನಾ ಕೇಳೀನಿ."

ರಾಯರು ಹೆಸರು ಬರೆದು, ಶಾಯಿ ಆರಲೆಂದು ಊದಿ ಕಾಗದ ಕೊಟ್ಟರು. ಆಮೇಲೆ ಪ್ಲೇಯರಿನ ಮುಳ್ಳು ಇಳಿಸಿದರು. ತಂಬೂರಿ ಎದ್ದಿತು, ಹಿಂದಿನಿಂದ ತಬಲಾ. ಪೆಟ್ಟಿಗೆಯ ಮೇಲಿದ್ದ ರಾಜಬೀಯ ಬೆರಳು, ರೂಢಿಯಂತೆ, ಒಂದೊಂದು ಪೆಟ್ಟಿಗೂ ಒಂದೊಂದು ಸುತ್ತು ಎಣಿಸತೊಡಗಿತು.