ಟಿಟ್ಟಿಭ ಎದ್ದ ಮೇಲೆ

ಕೃಷ್ಣೆಯ ದಡದ ಗೂಗಲ್ ಊರಿನ ಶಾಲೆಗೆ ವರ್ಗವಾಗಿ ಬಂದ ತಾಯಣ್ಣ ಮಾಸ್ತರರಿಗೆ ಹಕ್ಕಿ ನೋಡುವ ಹುಚ್ಚು. ಹುಚ್ಚೆಂದರೆ ಅಂತಿಂಥದ್ದಲ್ಲ, ಹೊಟ್ಟೆಗೆ ಏನೂ ಬೀಳದಿದ್ದರೂ ಸರಿ, ಬೆಳಕು ಹರಿಯುವಾಗ ಕೊರಳಿಗೆ ದುರ್ಬೀನು ಬಿದ್ದಿರಬೇಕು. ಹೆಂಡತಿ ಬಸ್ಸಮ್ಮ ಇದೇ ಊರಿನವಳು. ಬೇಸಿಗೆಯಲ್ಲಿ ಕೃಷ್ಣೆಯ ನಡುವಿನ ಮರಳದಿಬ್ಬದಲ್ಲಿ ಕಲ್ಲಂಗಡಿ ಹಾಕಿ, ನರಿ ಬಾರದಂತೆ ಕಾಯಲು ಅಲ್ಲೇ ಗುಡಿಸಲಲ್ಲಿ ಮಲಗುತ್ತಿದ್ದಳು.

ಅವಳ ತವರಿನವರದೊಂದು ನಂಬಿಕೆ. ಟಿಟ್ಟಿಭ ಹಕ್ಕಿ ಮರಳಲ್ಲಿ ತತ್ತಿಯಿಟ್ಟು ಕೂತರೆ, ಅದು ಏಳುವ ತನಕ ನೀರು ಅಲ್ಲಿಗೆ ಏರುವುದಿಲ್ಲ. ಎಂಬತ್ಮೂರರ ಯುಗಾದಿಯಲ್ಲಿ ತತ್ತಿ ಕಂಡವರು ಮಾಸ್ತರರೇ, ದಿಬ್ಬದ ತೀರ ಕೆಳಗೆ, ನೀರಿನ ಅಂಚಿಗೆ. ಖುಷಿಯಿಂದ ಊರಿಗೆಲ್ಲ ಸಾರಿದರು. ಬಸ್ಸಮ್ಮ ನಿಶ್ಚಿಂತೆಯಿಂದ ಹಾಸಿಗೆ ಒಯ್ದಳು. ನಂಬಿಕೆಯೂ ಹಳೆಯದು, ಹೊಳೆಯೂ ಹಳೆಯದು. ಹೊಸದೆಂದರೆ ಮೇಲೆಲ್ಲೋ ಕಟ್ಟಿದ್ದ ಅಣೆಕಟ್ಟು. ಅದರ ಗೇಟು ಎತ್ತುವವನು ಟಿಟ್ಟಿಭದ ಅಪ್ಪಣೆ ಕೇಳುತ್ತಾನೆಯೇ?

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ದಡದಲ್ಲಿ ಕೂತು ಮಾಸ್ತರರು ದುರ್ಬೀನು ಕಣ್ಣಿಗೇರಿಸಿದರು. ಮೀನು ಹಿಡಿಯುವ ರೀವ ಹಕ್ಕಿಗಳು ಒಂದೂ ನೀರಿಗೆ ಎರಗದೆ ಮೇಲೇ ಕಿರುಚುತ್ತ ಸುತ್ತುತ್ತಿದ್ದವು. ಟಿಟ್ಟಿಭ ಮಾತ್ರ ಕೂತೇ ಇತ್ತು. ಶಹಬ್ಬಾಸ್ ಅಂದುಕೊಂಡರು. ಆಮೇಲೆ ನೋಡಿದರೆ ಅದರ ಎದೆಯ ಪುಕ್ಕ ಒದ್ದೆ. ದಡಕ್ಕೂ ದಿಬ್ಬಕ್ಕೂ ನಡುವೆ, ಹಿಂದಿನ ದಿನ ಪಾದವಷ್ಟೇ ಮುಳುಗುತ್ತಿದ್ದ ಕಡೆ ಕಸಕಡ್ಡಿ ಹೊತ್ತ ಬಗ್ಗಡ ನೀರು ನುಗ್ಗುತ್ತಿತ್ತು. ಆಕಾಶದಲ್ಲಿ ಮೋಡದ ಸುಳಿವಿಲ್ಲ. ಅವರು ಎದ್ದು ನಿಂತು ಕೂಗಿದರು.

"ಬಸ್ಸೀ, ಹೊಳಿ ಬರಾಕತ್ತದ, ಎದ್ದು ಬಾ."

ಬಳ್ಳಿಗಳ ನಡುವೆ ಕಳೆ ಕೀಳುತ್ತಿದ್ದ ಬಸ್ಸಮ್ಮ ಹಕ್ಕಿಯತ್ತ ನೋಡಿ ನಕ್ಕಳು. "ಮಾಸ್ತರ, ನಿಮ್ಮ ಹಕ್ಕಿ ಇನ್ನಾ ಕುಂತದ ನೋಡ್ರಿ. ಅದಕ್ಕಿಲ್ಲದ ಅಂಜಿಕಿ ನಿಮಗ್ಯಾಕ?"

"ಅದಕ್ಕೇನ್ ತಿಳಿತದ, ಇದು ಡ್ಯಾಮಿನ ನೀರು."

"ಅದು ಎದ್ದ ಮ್ಯಾಲೆ ನಾನೂ ಏಳ್ತೀನಿ ಬಿಡ್ರಿ."

ಹಟಮಾರಿ ಹೆಂಗಸು. ಮಾಸ್ತರರು ನೀರಿಗಿಳಿದರು, ಸೊಂಟದ ತನಕ ಬಂದಾಗ ಸೆಳೆತಕ್ಕೆ ಕಾಲು ಕಿತ್ತು ಬಂತು, ಈಜು ಬಾರದು, ಹೇಗೋ ತೆವಳಿ ದಡ ಸೇರಿದರು. ಇನ್ನೇನು ಮಾಡಿಯಾರು ಪಾಪ? ಹಕ್ಕಿಗೆ ಕವಣೆ ಬೀಸಿದ ಹುಡುಗರಿಗೆ ಬಾಸುಂಡೆ ಬರುವಂತೆ ಬಾರಿಸುತ್ತಿದ್ದ ಮನುಷ್ಯ ಕಲ್ಲೆತ್ತಿಕೊಂಡು ಟಿಟ್ಟಿಭಕ್ಕೇ ಬೀಸಿದರು. ಒಂದು ತಪ್ಪಿತು. ಮತ್ತೊಂದು ಪಕ್ಕದಲ್ಲೇ ಬಿದ್ದು ನೀರು ಸಿಡಿಯಿತು. ಹಕ್ಕಿ ಚೀರುತ್ತ ಹಾರಿತು.

"ಈಗರೆ ಎದ್ದು ಬಾ," ಎಂದು ಅಳುದನಿಯಲ್ಲಿ ಕೂಗಿದರು.

"ಕಲ್ಲು ಹೊಡದು ಎಬ್ಬಿಸಿದ್ದು ಲೆಕ್ಕಕ್ಕಿಲ್ರಿ. ತತ್ತಿ ಬಿಟ್ಟು ಎಲ್ಲಿ ಹೋದೀತು, ತಿರುಗಿ ಬಂದು ಕುಂದರ್ತದ," ಎಂದು ಬಸ್ಸಮ್ಮ ಸಿಟ್ಟಿನಿಂದ ಮತ್ತೆ ಕಳೆಗೆ ಕೈ ಹಾಕಿದಳು.

ಹಕ್ಕಿ ತಿರುಗಿ ಬಂದದ್ದೂ ನಿಜ. ಕಾಲು ಚಾಚಿ ಇಳಿಯಲು ನೋಡಿತು. ಅಲ್ಲಿ ತತ್ತಿಯೂ ಇಲ್ಲ, ಮರಳೂ ಇಲ್ಲ. ನೀರಿನ ಮೇಲೆ ಕೂಗುತ್ತ ಸುತ್ತತೊಡಗಿತು.

ಬಸ್ಸಮ್ಮ ಆಗ ಎದ್ದಳು. ಆಚೆ ದಡ ಮೊದಲೇ ದೂರ, ಈಚೆಗೆ ಆಳುದ್ದದ ನೀರು. ಬಳ್ಳಿಗಳು ಒಂದೊಂದೇ ಮುಳುಗುತ್ತಿದ್ದವು.

"ಈಗ ಹ್ಯಾಂಗ ಬರ್ಲ್ರಿ?" ಎಂದು ಗಂಡನನ್ನು ಕೇಳಿದಳು.